ಹದಿನೇಳೂವರೆಯ ಕಣ್ಣು

ಕಣ್ಣು ಅಳೆಯುವ ಯಂತ್ರದ ಗದ್ದ ಊರುವ ಪಟ್ಟಿಯನ್ನು ಸ್ಪಿರಿಟಿನ ಹತ್ತಿಯಿಂದ ಒರೆಸಿಯಾಗಿತ್ತು. ಆದರೂ ಸಂಘಮಿತ್ರಾ ಮತ್ತೊಮ್ಮೆ ಒರೆಸಿದಳು, ಹತ್ತಿಯನ್ನು ಬುಟ್ಟಿಗೆ ಹಾಕಿ ಹೊಸದನ್ನು ತೆಗೆದು ಮೂರನೆಯ ಸಲಕ್ಕೆ ಕೈ ಹಾಕಿದಳು. ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದ ಆಯಾ ಚಮನಬಿ, ಅದೇನು ನಿನ್ನ ಗಂಡನ ಗದ್ದ ಏನವ್ವಾ ಅಷ್ಟು ತಿಕ್ಕಾಕ, ಎಂದು ನಕ್ಕು ಗುಡಿಸುತ್ತ ಮುಂದೆ ಹೋದಳು. ನಗಬೇಕೆಂದುಕೊಂಡರೆ ತುಟಿ ಏಳಲಿಲ್ಲ. ಸವಣೂರಿನ ಈ ಕಣ್ಣಿನ ಆಸ್ಪತ್ರೆಯ ಕಿಟಕಿಯಿಲ್ಲದ ಅಳತೆ ಕೋಣೆಯಲ್ಲಿ ಐದು ವರ್ಷದಿಂದ ಅವಳದು ಒಂದೇ ಕೆಲಸ. ಹಾನಗಲ್ಲಿನಿಂದ, ಶಿಗ್ಗಾಂವಿಯಿಂದ, ಹಿರೇಕೆರೂರಿನ ಶಿಬಿರಗಳಿಂದ ವ್ಯಾನು ತುಂಬಿಕೊಂಡು ತರುವ ಪೊರೆ ಬಂದ ಕಣ್ಣುಗಳನ್ನು ಯಂತ್ರದ ಮುಂದೆ ಕೂರಿಸುವುದು, ಕಣ್ಣಿನ ಉದ್ದ ಎಷ್ಟು, ಮುಂದಿನ ಗಾಜಿನಂಥ ಪದರದ ಉಬ್ಬು ಎಷ್ಟು ಎಂದು ಅಳೆಯುವುದು, ಆ ಎರಡನ್ನೂ ಕೂಡಿಸಿ ಯಂತ್ರ ಹೇಳುವ ಮೂರನೆಯ ಅಂಕಿಯನ್ನು ಕಾಗದಕ್ಕೆ ಇಳಿಸಿ ಡಾಕ್ಟರರ ಟೇಬಲಿಗೆ ಕಳಿಸುವುದು. ಪೊರೆ ತೆಗೆದ ಜಾಗಕ್ಕೆ ಅವರು ಕೂರಿಸುವ ಲೆನ್ಸು ಆ ಮೂರನೆಯ ಅಂಕಿಯದು. ಕೂತಿತೆಂದರೆ ಮಣ್ಣಿಗೆ ಹೋಗುವ ತನಕ ಅದೇ. ಸಾವಿರಾರು ಕಣ್ಣು ಹೀಗೆ ಅವಳ ಬೆರಳ ತುದಿಯಿಂದ ದಾಟಿಹೋಗಿದ್ದವು. ಒಂದೂ ತಿರುಗಿ ಬಂದು ಅವಳನ್ನು ಕೇಳಿರಲಿಲ್ಲ. ಇವತ್ತು ಹತ್ತು ಗಂಟೆಗೆ ಒಂದು ಬರುತ್ತದೆ. ಅದು ಕಾಕಾನದು.

ಕಾಕಾ ಅಂದರೆ ಅಪ್ಪ ಹೂವಪ್ಪನ ತಮ್ಮ ಜಗದೀಶ. ಅಪ್ಪ ಹೋದ ಮೇಲೆ ಅವಳನ್ನು ಸಾಕಿದವನು, ಓದಿಸಿದವನು, ಹುಬ್ಬಳ್ಳಿಯ ಕಾಲೇಜಿಗೆ ಟ್ರಂಕು ಹೊತ್ತು ಬಂದವನು. ಯಲವಿಗಿ ಸ್ಟೇಶನ್ನಿನಲ್ಲಿ ಹಳಿ ಬದಲಿಸುವ, ಬಾವುಟ ತೋರಿಸುವ ಪಾಯಿಂಟ್ಸ್‌ಮನ್ ಆಗಿ ಇಪ್ಪತ್ತಾರು ವರ್ಷ ದುಡಿದು ಹೋದ ಮೇ ತಿಂಗಳು ನಿವೃತ್ತನಾದವನು. ಬಲಗಣ್ಣಿನ ಆಪರೇಷನ್ನಾಗಿ ಇವತ್ತಿಗೆ ಒಂದು ತಿಂಗಳು. ಪಟ್ಟಿ ಬಿಚ್ಚಿದ ಮರುದಿನ ಫೋನಿನಲ್ಲಿ, ಎಲ್ಲಾ ಬೆಳ್ಳಗ ಕಾಣಾಕತ್ತೇತಿ ನೋಡು, ಸುಣ್ಣಾ ಬಳದಂಗ, ಎಂದಿದ್ದ. ವಾರ ಬಿಟ್ಟು, ಸಿಗ್ನಲ್ ಕಂಬ ಐತಿ, ಆದರ ಅದರ ಅಂಚು ಕರಗೇತಿ, ಎಂದಿದ್ದ. ಆಮೇಲೆ ಆ ಮಾತು ಎತ್ತಲೇ ಇಲ್ಲ. ಕಣ್ಣು ಹೆಂಗೈತಿ ಕಾಕಾ ಎಂದರೆ ಊಟ ಆತೇನು ಎಂದು ಕೇಳುತ್ತಿದ್ದ. ಯಾಕೆ ಹೀಗಾಯಿತು ಎಂದು ಅವನು ಕೇಳದಿದ್ದದ್ದೇ ಅವಳಿಗೆ ಕುತ್ತಿಗೆಯ ಹಿಂದೆ ಯಾರೋ ಉಸಿರು ಬಿಟ್ಟ ಹಾಗಿತ್ತು. ಯಾಕೆಂದರೆ ಅಂಚು ಯಾಕೆ ಕರಗಿದೆ ಎಂಬುದು ಅವಳಿಗೆ ಗೊತ್ತಿತ್ತು. ಆಪರೇಷನ್ನಿನ ಮೊದಲೇ ಗೊತ್ತಿತ್ತು.

ತಿಂಗಳ ಹಿಂದೆ ಇದೇ ಸ್ಟೂಲಿನ ಮೇಲೆ ಅವನು ಕೂತಿದ್ದ. ನಿವೃತ್ತಿಯ ದಿನ ಸ್ಟೇಶನ್ನಿನವರು ಹೊದಿಸಿದ ಶಾಲು ಹೆಗಲ ಮೇಲಿತ್ತು, ಆಸ್ಪತ್ರೆಗೆ ಬರಲು ಅಷ್ಟು ಸಿಂಗಾರ. ಯಂತ್ರದೊಳಗಿನ ಕೆಂಪು ಚುಕ್ಕೆ ನೋಡು ಎಂದಳು. ನೋಡಿದ. ಕೆಂಪು ಚುಕ್ಕೆಯನ್ನು ಅವನಷ್ಟು ನಿಷ್ಠೆಯಿಂದ ನೋಡಿದವರನ್ನು ಅವಳು ಕಂಡಿಲ್ಲ, ರೆಪ್ಪೆ ಕೂಡ ಬಡಿಯಲಿಲ್ಲ. ಕಣ್ಣಿನ ಉದ್ದ ಇಪ್ಪತ್ತಾರು ಪಾಯಿಂಟ್ ಎಂಟು. ಉಬ್ಬು ಮೂವತ್ತೇಳೂವರೆ. ಎರಡು ಅಂಕಿಗಳೂ ಒಂದನ್ನೊಂದು ನೋಡಿ ಹಲ್ಲು ಕಡಿಯುತ್ತಿದ್ದವು. ಇಷ್ಟು ಉದ್ದದ ಕಣ್ಣಿನವನು ಹುಟ್ಟಿದಾರಭ್ಯ ಕನ್ನಡಕ ಹಾಕದೆ ಇದ್ದಿರಲಾರ. ಇಷ್ಟು ಚಪ್ಪಟೆ ಉಬ್ಬು ದೇವರು ಕೊಟ್ಟದ್ದಲ್ಲ, ಯಾರೋ ಕೆತ್ತಿದ್ದು. ಲೇಸರಿನಿಂದ ಕೆತ್ತಿದ ಕಣ್ಣಿನ ಮುಂದೆ ಈ ಯಂತ್ರ ಮೋಸ ಹೋಗುತ್ತದೆ, ಬೇಕಾದದ್ದಕ್ಕಿಂತ ಕಡಿಮೆ ನಂಬರಿನ ಲೆನ್ಸು ಹೇಳುತ್ತದೆ. ಅದಕ್ಕೆಂದೇ ಕಾಗದದಲ್ಲಿ ಒಂದು ಪ್ರಶ್ನೆ ಅಚ್ಚು ಹಾಕಿಸಿದ್ದರು, ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಕೇಳಬೇಕಾದ ಪ್ರಶ್ನೆ. ಹಿಂದಿನ ಬೆಂಚಿನಲ್ಲಿ ನಾಲ್ಕು ಜನ ಕೂತಿದ್ದರು. ಅವಳು ಅವನ ಮುಖ ನೋಡದೆ ಕೇಳಿದಳು.

“ಈ ಮೊದಲ ಕಣ್ಣಿಗೆ ಆಪರೇಷನ್, ಲೇಸರ್ ಏನಾರ ಮಾಡ್ಸೀರೇನ್ರಿ?”

“ಇಲ್ಲರಿ,” ಎಂದ ಕಾಕಾ.

ತಾನು ಹೆಗಲ ಮೇಲೆ ಹೊತ್ತು ಬೆಳೆಸಿದ ಹುಡುಗಿಗೆ ಅವನು ರಿ ಹಚ್ಚಿ ಹೇಳಿದ್ದ. ಅದು ಬೆಂಚಿನವರಿಗೆಂದು ಹೇಳಿದ ರಿ ಅಲ್ಲ. ಆಫೀಸಿಗೆ, ಸೀಲಿಗೆ, ಮೇಜಿನ ಆಚೆ ಕೂತ ಯಾವನಿಗೋ ಹೇಳುವ ರಿ. ಅವಳು ‘ಇಲ್ಲ’ ಎಂದು ಬರೆದಳು. ಪೆನ್ನು ಚೆನ್ನಾಗಿಯೇ ನಡೆಯಿತು.

ಮೂರು ವರ್ಷದ ಹುಡುಗಿಗೆ ಏನು ನೆನಪಿರಲು ಸಾಧ್ಯ ಎನ್ನುತ್ತಾರೆ. ಅವಳಿಗೆ ಆ ಕನ್ನಡಕ ನೆನಪಿದೆ. ಆಡೂರಿನ ಕೇರಿಯ ಮನೆಯ ಹೊರಸಿನ ಮೇಲೆ ಕಾಕಾ ಮಲಗಿದಾಗ ಅವನ ಎದೆಯ ಮೇಲಿಂದ ಎತ್ತಿಕೊಂಡು ಹಾಕಿಕೊಂಡರೆ ನೆಲ ಬಾವಿಯ ಹಾಗೆ ಆಳಕ್ಕೆ ಇಳಿಯುತ್ತಿತ್ತು. ಸೋಡಾಬುಡ್ಡಿ ಎಂದು ಇಡೀ ಕೇರಿ ಕರೆಯುತ್ತಿತ್ತು ಅವನನ್ನು. ಭಾನುವಾರ ಸಂಜೆ ಸಮುದಾಯ ಭವನದ ಕಟ್ಟೆಯ ಮೇಲೆ ಓದುವ ಬಳಗ ಕೂಡುತ್ತಿತ್ತು, ಒಬ್ಬರು ಓದುವುದು, ಉಳಿದವರು ಕೇಳಿ ಜಗಳಾಡುವುದು. ಓದುವವನು ಯಾವಾಗಲೂ ಕಾಕಾನೇ, ಪುಸ್ತಕವನ್ನು ಮೂಗಿಗೆ ಮುಟ್ಟಿಸಿಕೊಂಡು. ಪರೀಕ್ಷೆ ಪಾಸಾದ, ನೌಕರಿಯ ಕಾಗದ ಬಂತು, ಮೆಡಿಕಲ್ಲಿಗೆ ಹೋದ. ಕನ್ನಡಕ ತೆಗೆಸಿ ಗೋಡೆ ನೋಡು ಎಂದರಂತೆ, ಗೋಡೆಯೇ ಕಾಣಲಿಲ್ಲ. ಸಾಲಿನಲ್ಲಿ ಹಿಂದೆ ನಿಂತಿದ್ದವನೊಬ್ಬ, ಇವರಿಗೇನಪಾ, ಕಣ್ಣಿಲ್ಲದಿದ್ರೂ ನೌಕರಿ, ಕೋಟಾದಾಗ ಕಾಣಸ್ತೈತಿ, ಎಂದ. ಸಾಲೆಲ್ಲ ನಕ್ಕಿತು. ಕಣ್ಣು ಕೆಟ್ಟರೆ ಕನ್ನಡಕ ಹಾಕಿಕೊಳ್ಳುವುದು ಊರಿನವರಿಗೆ ಬರಿಯ ಕನ್ನಡಕ. ಕೇರಿಯವನು ಹಾಕಿಕೊಂಡರೆ ಅದು ಅವನ ಜಾತಿಯ ವಿರುದ್ಧ ಸಿಕ್ಕ ಸಾಕ್ಷಿ. ಮರು ಮೆಡಿಕಲ್ಲಿನ ಕರೆ ಬರುವುದರೊಳಗೆ ಕಾಕಾ ಪುಣೆಗೆ ಹೋದ. ಬಳಗದ ಗೆಳೆಯನೊಬ್ಬ ಅಲ್ಲಿ ಕಣ್ಣಿನ ದವಾಖಾನೆಯಲ್ಲಿ ವಾರ್ಡಿನ ಕೆಲಸಕ್ಕಿದ್ದ. ಹದಿನೈದು ದಿನ ಬಿಟ್ಟು ತಂಪುಕನ್ನಡಕ ಹಾಕಿಕೊಂಡು ಇಳಿದ, ಅದನ್ನೂ ತೆಗೆದ ಮೇಲೆ ಬರಿಯ ಮುಖ. ಆ ಮುಖ ಹೊತ್ತು ಮೆಡಿಕಲ್ ಪಾಸಾದ.

ಲೇಸರ್ ಹಾಯಿಸಿದ ಕಣ್ಣು ಆ ಕೆಲಸಕ್ಕೆ ನಡೆಯುವುದಿಲ್ಲ ಎಂದು ಯಾರೋ ಹೇಳಿದ್ದರು. ಆಗ ಅಂಥ ನಿಯಮ ನಿಜಕ್ಕೂ ಇತ್ತೋ ಇಲ್ಲವೋ, ಅದು ಯಾರಿಗೂ ಖಾತ್ರಿಯಿಲ್ಲ. ಕೇಳಿದರೆ ಯಾಕೆ ಕೇಳುತ್ತೀ ಎಂದು ಕೇಳುತ್ತಾರಲ್ಲ. ಹೀಗಾಗಿ ಕೇಳಲಿಲ್ಲ. ಅಜ್ಜಿ ಶಾರವ್ವ ಗೋಡೆಯ ಮೇಲಿನ ಬುದ್ಧನ ಪಟದ ಪಕ್ಕ ಇದ್ದ, ಕನ್ನಡಕ ಹಾಕಿದ ಕಾಕಾನ ಫೋಟೋ ಇಳಿಸಿ ಜೋಳ ತುಂಬುವ ಹಗೇವಿನ ಬಾಯಿಯ ಕಲ್ಲಿನಡಿ ಇಟ್ಟಳು. ಕೇರಿಗೆ ಕೇರಿಯೇ ಒಂದು ದಿನದಲ್ಲಿ ಸೋಡಾಬುಡ್ಡಿ ಎಂಬ ಹೆಸರು ಮರೆತುಬಿಟ್ಟಿತು. ಯಾರೂ ಸಭೆ ಕೂಡಲಿಲ್ಲ, ಆಣೆ ಹಾಕಿಸಲಿಲ್ಲ. ಕುಡಿದು ಬಂದು ಹೆಂಡತಿಯನ್ನು ಬಡಿಯುವವನು ಕೂಡ ಬೈಗುಳದ ನಡುವೆ ಆ ಹೆಸರು ತಪ್ಪಿಸಿದ. ಚಿಕ್ಕ ಹುಡುಗರು ತಪ್ಪಿಸಿದರು. ಇಪ್ಪತ್ತಾರು ವರ್ಷ. ಊರಿನವರು ಕೇರಿಯ ಒಗ್ಗಟ್ಟಿನ ಮೇಲೆ ಏನೇನೋ ಆಡುತ್ತಾರೆ. ಒಬ್ಬನ ಎರಡು ಕಣ್ಣನ್ನು ನೂರಾ ಐವತ್ತು ಬಾಯಿ ಸೇರಿ ಮುಚ್ಚಿಟ್ಟ ಈ ಒಗ್ಗಟ್ಟು ಯಾರಿಗೂ ಗೊತ್ತಿಲ್ಲ, ಗೊತ್ತಾಗುವಂತೆಯೂ ಇಲ್ಲ. ಬಳಗದಲ್ಲಿ ಓದುವವನ ಜಾಗ ಮಾತ್ರ ಖಾಲಿಯಾಯಿತು. ಕಾಕಾ ಯಲವಿಗಿಯಲ್ಲಿ ಮನೆ ಮಾಡಿದ, ಆಡೂರಿಗೆ ಬರುವುದು ಕಡಿಮೆ ಮಾಡಿದ. ತನ್ನ ಹಳೆಯ ಮುಖ ಕಂಡವರ ನಡುವೆ ಕೂತು ಓದಲು ಅವನಿಗೆ ಬಾಯಿ ಬರಲಿಲ್ಲ.

ಅಳತೆ ಕೋಣೆಯ ಗಡಿಯಾರ ಒಂಬತ್ತೂವರೆ ತೋರಿಸಿತು. ಮೊದಲನೆಯ ಪೇಷಂಟು ಡಾಕ್ಟರರ ಸೋದರತ್ತೆ ಮನೋರಮಾಬಾಯಿ, ಹಾವೇರಿಯಿಂದ ಕಾರಿನಲ್ಲಿ ಬಂದಿದ್ದರು. ಸ್ಟೂಲಿನ ಮೇಲೆ ಕೂತು, ಚೀಲದಿಂದ ಒಗೆದು ಮಡಿಚಿದ ಬಿಳಿಯ ವಸ್ತ್ರ ತೆಗೆದು ಗದ್ದದ ಪಟ್ಟಿಯ ಮೇಲೆ ಹಾಸಿ, ತಪ್ಪು ತಿಳೀಬ್ಯಾಡವಾ, ಎಷ್ಟೋ ಮಂದಿ ಗದ್ದಾ ಇಟ್ಟಿರ್ತಾರ, ಎಂದರು. ಧ್ವನಿಯಲ್ಲಿ ನಿಜವಾದ ಸಂಕೋಚವಿತ್ತು, ಅದೇ ಕಷ್ಟ. ಬೈದಿದ್ದರೆ ತಿರುಗಿ ಏನಾದರೂ ಹುಟ್ಟುತ್ತಿತ್ತು. ಮೂರು ಸಲ ಒರೆಸಿದ್ದು ಈ ವಸ್ತ್ರಕ್ಕಾಗಿಯೇ ಏನು, ಇದು ಬರುತ್ತದೆಂದು ಕೈಗೆ ಮೊದಲೇ ಗೊತ್ತಿತ್ತೇನು ಎಂದು ಸಂಘಮಿತ್ರಾಗೆ ಅನಿಸಿ ಕೆನ್ನೆ ಬಿಸಿಯಾಯಿತು. ವಸ್ತ್ರ ಜಾರಿತು, ಅಳತೆ ಬರಲಿಲ್ಲ, ಮತ್ತೆ ಜಾರಿತು. ಕೊನೆಗೆ ಅವಳೇ ಬೆರಳಿನಿಂದ ಮೇಲಿನ ರೆಪ್ಪೆ ಎತ್ತಿ ಹಿಡಿಯಬೇಕಾಯಿತು. ಮನೋರಮಾಬಾಯಿಯವರು ಉಸಿರು ಬಿಗಿಹಿಡಿದರು, ಅವಳೂ ಹಿಡಿದಳು. ಅಂಕಿ ಚೊಕ್ಕವಾಗಿ ಬಂತು. ಅವರನ್ನು ಕಳಿಸಿ ಹೊರಗೆ ಬಂದಾಗ ಚಮನಬಿ, ಗದ್ದಕ್ಕೂ ಮಡಿ ಬಂತಲ್ಲವಾ, ಇನ್ನ ಮೂಗಿಗೊಂದು ಉಳೀತು, ಎಂದು ಕಿವಿಯಲ್ಲಿ ಹೇಳಿದಳು.

ಅಂಕಿ ಬಂದರೆ ಅದನ್ನು ಗಟ್ಟಿಯಾಗಿ ಹೇಳು, ಎದುರಿನವನು ತಿರುಗಿ ಹೇಳುವ ತನಕ ನೀನು ಹೇಳಿದ ಹಾಗೆ ಅಲ್ಲ. ಇದು ಕಾಕಾ ಕಲಿಸಿದ ಪಾಠ. ಅವನ ಕೆಲಸದ ರೀತಿ ಅದು. ಈ ಸ್ಟೇಶನ್ನಿನಿಂದ ಆ ಸ್ಟೇಶನ್ನಿಗೆ ಮಾತು ಹೋದರೆ ಕೇಳಿಸಿಕೊಂಡವನು ಅಕ್ಷರ ಬಿಡದೆ ತಿರುಗಿ ಹೇಳಬೇಕು, ಆಮೇಲೆ ಬರೆದುಕೊಳ್ಳಬೇಕು, ಆಗಲೇ ಗಾಡಿ ಬಿಡುವುದು. ಮನೆಯಲ್ಲೂ ಹಾಗೆಯೇ. ಉಪ್ಪು ತಾ ಎಂದರೆ ಉಪ್ಪು ತರ್ತೇನಿ ಎನ್ನಬೇಕು. ಅವನಿಗೆ ಅದು ಆಟವಾಗಿರಲಿಲ್ಲ. ಕಿವಿಯ ಮೇಲೆ ಬಿದ್ದ ಮಾತು ಎಲ್ಲೋ ಸಂದಿಯಲ್ಲಿ ಬಿದ್ದು ಸತ್ತುಹೋಗುವುದನ್ನು ಅವನು ಕಣ್ಣಾರೆ ಕಂಡವನು, ತಲೆಮಾರುಗಟ್ಟಲೆ ಹೇಳಿದ್ದನ್ನು ಯಾರೂ ತಿರುಗಿ ಹೇಳದ ಕೇರಿಯಿಂದ ಬಂದವನು. ಅಂಥವನು ತನ್ನ ಒಂದು ಮಾತನ್ನು ಮಾತ್ರ ಯಾರೂ ತಿರುಗಿ ಹೇಳದಂತೆ ಹೂತಿಟ್ಟಿದ್ದ. ಅಳತೆಯ ಹಿಂದಿನ ಸಂಜೆ ಅವಳು ಯಲವಿಗಿಗೆ ಹೋಗಿ, ಡಾಕ್ಟರಿಗಷ್ಟ ಹೇಳೂಣು ಕಾಕಾ, ಇಲ್ಲಾಂದ್ರ ಲೆನ್ಸ್ ತಪ್ಪತೈತಿ, ಎಂದು ಬೇಡಿಕೊಂಡಾಗ ಅವನು ಬಹಳ ಹೊತ್ತು ಉಗುರು ನೋಡಿಕೊಂಡಿದ್ದ. ಕಾಗದದಾಗ ಬರಬಾರದವ್ವ, ಅಷ್ಟ, ಎಂದಿದ್ದ. ಈಗ ಯಾವ ಕಾಗದ, ಯಾವ ಮೆಡಿಕಲ್ಲು, ರಿಟೈರ್ ಆಗಿದ್ದೀಯಲ್ಲ ಎಂದರೆ, ನಾ ಆಗೇನಿ, ಆ ಮಾತು ರಿಟೈರ್ ಆಗಿಲ್ಲ, ನಾಳೆ ನಮ್ಮ ಹುಡುಗೂರು ಸಾಲಿನಾಗ ನಿಂತಿರ್ತಾವು, ಎಂದಿದ್ದ.

ಆದರೂ ಅವಳು ಹೇಳಬಹುದಿತ್ತು. ತಾನು ಹೇಳದೆ ಉಳಿದದ್ದು ಕಾಕಾನ ಮಾತಿಗಾಗಿ ಎಂದು ತಿಂಗಳಿಡೀ ತನಗೆ ತಾನೇ ಒಪ್ಪಿಸುತ್ತ ಬಂದಿದ್ದಳು, ಮನಸ್ಸು ಸಹಿ ಹಾಕಿರಲಿಲ್ಲ. ಹಿಂದಿನ ವರ್ಷ ಹಿರೇಕೆರೂರಿನ ಶಿಬಿರ ಮುಗಿಸಿ ಎಲ್ಲರೂ ಊಟಕ್ಕೆ ಕೂತಿದ್ದರು. ಡಾಕ್ಟರ್ ಸುಶೀಂದ್ರ ಒಳ್ಳೆಯ ಕೈಯವರು. ಆ ದಿನ ಎಂಬತ್ತು ಕಣ್ಣು ನೋಡಿ ದಣಿದಿದ್ದರೂ ಮುದುಕಿಯರಿಗೆ ತಾವೇ ಚಹಾ ಕೊಡಿಸಿದ್ದರು. ಯಾವನೋ ಬೇರೆ ಡಾಕ್ಟರು ಕೆಡಿಸಿದ ಕೇಸಿನ ಸುದ್ದಿ ಬಂದಾಗ ರೊಟ್ಟಿ ಮುರಿಯುತ್ತ, ರಿಸರ್ವೇಶನ್ ಡಾಕ್ಟರು, ರಿಸರ್ವೇಶನ್ ಕಣ್ಣು, ದೇವರ ಕಾಪಾಡಬೇಕು, ಎಂದರು. ಎಲ್ಲರೂ ನಕ್ಕರು. ಆಮೇಲೆ ನೆನಪಾಗಿ ಅವಳ ಕಡೆ ತಿರುಗಿ, ನಿಮಗಲ್ಲ ಮಿತ್ರಾ, ನೀವು ಬ್ಯಾರೆ, ಎಂದರು. ಅವಳೂ ನಕ್ಕಿದ್ದಳು. ಖಾರ ನೆತ್ತಿಗೆ ಹತ್ತಿದವಳ ಹಾಗೆ ಕೆಮ್ಮಿ, ನೀರು ಕುಡಿದು, ಮತ್ತೆ ನಕ್ಕಿದ್ದಳು. ಕಾಕಾನ ಕಣ್ಣಿನ ಕಥೆ ಆ ಬಾಯಿಗೆ ಬಿದ್ದರೆ ಮುಂದಿನ ಶಿಬಿರದ ಊಟಕ್ಕೆ ಅದು ಉಪ್ಪಿನಕಾಯಿ. ಸುಳ್ಳು ಕಣ್ಣು ಹಾಕಿಕೊಂಡು ರೈಲು ಬಿಟ್ಟನಂತೆ. ತಾನು ಬಾಯಿ ಮುಚ್ಚಿಕೊಂಡದ್ದು ಆ ನಗೆ ಹುಟ್ಟದಿರಲಿ ಎಂದು. ಒಂದು ನಗೆಯನ್ನು ತಡೆಯಲು ಒಂದು ಕಣ್ಣು ಕೊಟ್ಟಳು, ಅದೂ ತನ್ನದಲ್ಲದ ಕಣ್ಣು. ಹಾಗಂತ ಏನೂ ಮಾಡಲಿಲ್ಲವೆಂದೂ ಅಲ್ಲ. ಲೇಸರ್ ಆದವರಿಗೆಂದೇ ಇರುವ ಬೇರೆ ಲೆಕ್ಕವನ್ನು ಫೋನಿನಲ್ಲಿ ಹಾಕಿ ನೋಡಿದ್ದಳು. ಯಂತ್ರ ಹದಿನೇಳೂವರೆ ಎಂದಿತ್ತು, ಆ ಲೆಕ್ಕ ಇಪ್ಪತ್ತೂವರೆ ಎಂದಿತು. ಕಾಗದ ಒಯ್ದು ಡಾಕ್ಟರರ ಮುಂದೆ ಇಟ್ಟು, ಸರ್, ಇದಕ್ಕ ಎರಡು ಮೂರು ನಂಬರ್ ಜಾಸ್ತಿ ಹಾಕಿದ್ರ ಚಲೋ ಏನೋ, ಎಂದಳು. ಅವರು ಕಾಗದ ನೋಡದೆಯೇ ಸಹಿ ಮಾಡುತ್ತ ನಕ್ಕರು. ಎಂಜಿನ್ ನಡಸಾಂವ ಡ್ರೈವರ್, ಮಿತ್ರಾ. ನೀವು ಬಾವುಟ ತೋರಸ್ರಿ, ಸಾಕು. ಅವರಿಗೆ ಕಾಕಾನ ಕೆಲಸ ಏನೆಂದು ಗೊತ್ತಿರಲಿಲ್ಲ. ಆ ಮೂವತ್ತೇಳೂವರೆಯ ಮೇಲೆ ಅವರ ಕಣ್ಣು ಅರೆಗಳಿಗೆ ನಿಂತಿದ್ದರೆ ಸಾಕಿತ್ತು, ನಿಲ್ಲಲಿಲ್ಲ. ಅವಳು ಇನ್ನೊಮ್ಮೆ ಹೇಳಬಹುದಿತ್ತು, ಹೇಳಲಿಲ್ಲ. ಯಾರೂ ತಿರುಗಿ ಹೇಳಲಿಲ್ಲ, ಗಾಡಿ ಬಿಟ್ಟಿತು.

ಹತ್ತಕ್ಕೆ ಸರಿಯಾಗಿ ಕಾಕಾ ಒಳಗೆ ಬಂದ. ರೈಲಿನವನು, ಹೊತ್ತು ತಪ್ಪುವವನಲ್ಲ. ಬಾಗಿಲಲ್ಲಿ ಹೊಸ್ತಿಲಿಲ್ಲದ ಕಡೆ ಕಾಲನ್ನು ಎತ್ತಿ ಇಟ್ಟದ್ದನ್ನು ಅವಳು ನೋಡಿದಳು. ಚಾರ್ಟಿನ ಮುಂದೆ ಕೂರಿಸಿ ಎಡಗಣ್ಣು ಮುಚ್ಚಿದಳು. ಮೊದಲ ಸಾಲು ಓದಿದ. ಎರಡನೆಯದು ಓದಿದ. ಮೂರು, ನಾಲ್ಕು, ಐದು, ಆರು. ಕೊನೆಯ ಸಾಲಿನ ಅಕ್ಷರಗಳನ್ನು ಒಂದೂ ತಡವರಿಸದೆ, ಬಳಗದಲ್ಲಿ ಓದುತ್ತಿದ್ದ ಅದೇ ಏರುಧ್ವನಿಯಲ್ಲಿ ಓದಿದ. ಅವಳಿಗೆ ಕ್ಷಣ ಕಾಲ ಎದೆ ಹಗುರಾಯಿತು, ಲೆಕ್ಕವೇ ಸುಳ್ಳು, ಯಂತ್ರವೇ ನಿಜ, ಯಾರೂ ಏನೂ ತಪ್ಪು ಮಾಡಿಲ್ಲ. ಆಮೇಲೆ ಅವನ ಕಣ್ಣು ಚಾರ್ಟಿನ ಮೇಲಿಲ್ಲ, ಅದರ ಪಕ್ಕದ ಸ್ವಿಚ್ಚಿನ ಕಡೆಗಿದೆ ಎಂದು ಕಂಡಿತು. ಬೇಗನೆ ಬಂದು ಹೊರಗಿನ ಬೆಂಚಿನಲ್ಲಿ ಕೂತು ತನಗಿಂತ ಮೊದಲಿನ ಮೂವರು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅವಳು ಇನ್ನೊಂದು ಚಾರ್ಟು ತಿರುವಿ ಹಾಕಿದಳು. ಕಾಕಾ ಮೊದಲ ಸಾಲಿಗೇ ನಿಂತ. ಅವನ ತುಟಿ ಮಾತ್ರ ಚೂರು ಅಲುಗಿತು.

ಯಾಕ ಕಾಕಾ, ಎಂದಳು ಮೆಲ್ಲಗೆ. ನಿನ್ನ ಮ್ಯಾಲೆ ಮಾತು ಬರಬಾರದಲ್ಲವಾ, ಎಂದ ಅವನು, ಅಷ್ಟೇ ಮೆಲ್ಲಗೆ.

ಡಾಕ್ಟರರ ಕೋಣೆಯಲ್ಲಿ ಎಸಿ ಇತ್ತು. ಕಾಕಾ ಶಾಲನ್ನು ಎದೆಗೆ ಎಳೆದುಕೊಂಡು ಕೂತ. ಸುಶೀಂದ್ರ ಗಾಜುಗಳನ್ನು ಒಂದರ ಮೇಲೊಂದು ಬದಲಿಸಿ ನೋಡಿದರು, ಈಗ, ಈಗ, ಈಗ ಎಂದು ಕೇಳಿದರು. ಒಂದು ಗಾಜು ಬಂದಾಗ ಕಾಕಾನ ಮುಖ ತಟ್ಟನೆ ಬಿಚ್ಚಿಕೊಂಡಿತು, ಗೋಡೆಯ ಕ್ಯಾಲೆಂಡರಿನ ತಾರೀಖು ಓದಿದ. ಡಾಕ್ಟರು ಆ ಗಾಜನ್ನು ಬೆಳಕಿಗೆ ಹಿಡಿದು ನಂಬರು ನೋಡಿದರು. ಪ್ಲಸ್ ಎರಡೂಕಾಲು. ಕುರ್ಚಿಗೆ ಒರಗಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ, ಬಂದಿದ್ದರೇ ಚೆನ್ನಾಗಿತ್ತು. ದೂರಕ್ಕೂ ಹತ್ತಿರಕ್ಕೂ ಕನ್ನಡಕ ಬೇಕಾಗತದ ಇನ್ನ, ಎಂದು ಕಾಕಾನಿಗೆ ಹೇಳಿ, ಲೆನ್ಸ್ ಬದಲಸೋದು ಈ ವಯಸ್ಸಿನಾಗ ಬ್ಯಾಡ ಎಂದು ಸೇರಿಸಿ, ಅವಳ ಕಡೆ ತಿರುಗಿದರು. ಹದಿನಾಲ್ಕು ವರ್ಷದಲ್ಲಿ ಇಷ್ಟು ತಪ್ಪಿದ ಕೇಸು ತಮ್ಮ ಟೇಬಲಿನಲ್ಲಿ ಇದೇ ಮೊದಲು ಎಂದರು. ಅಳತೆ ಎರಡು ಸಲ ತೆಗೆದಿದ್ದಿರೇನು ಎಂದು ಕೇಳಿದರು. ಅವಳು ಹೂಂ ಎಂದಳು. ಆಮೇಲೆ ಅವರು ಮಾತನ್ನು ಬಹಳ ಮೃದುವಾಗಿ, ಮಗುವಿನ ತಲೆ ಸವರುವ ಹಾಗೆ ಹೇಳಿದರು.

“ನಿಮ್ಮ ತಪ್ಪಲ್ಲ ಬಿಡ್ರಿ ಮಿತ್ರಾ. ಈಗಿನ ಕಾಲೇಜಿನವರು ಮಾರ್ಕ್ಸ್ ನೋಡಂಗಿಲ್ಲ, ಮತ್ತೊಂದು ನೋಡಿ ಸೀಟು ಕೊಡ್ತಾರ, ಪಾಸೂ ಮಾಡಿಬಿಡ್ತಾರ. ಪಾಪ, ನೀವರ ಏನ್ಮಾಡ್ತೀರಿ.”

ಇಪ್ಪತ್ತಾರು ವರ್ಷದ ಹಿಂದೆ ಸಾಲಿನಲ್ಲಿ ಹಿಂದೆ ನಿಂತವನ ಮಾತು ದಾರಿ ಹುಡುಕಿಕೊಂಡು ಈ ತಣ್ಣನೆಯ ಕೋಣೆಗೆ ಬಂದು ಕೂತಿತ್ತು. ಅವಳು ನೆಲ ನೋಡಿದಳು. ಟೈಲ್ಸಿನ ಗೆರೆಗಳು ಹಳಿಗಳ ಹಾಗೆ ಟೇಬಲಿನ ಅಡಿಗೆ ಹೋಗಿದ್ದವು. ಕಾಕಾ ಎದ್ದು ನಿಂತ. ಕುರ್ಚಿ ಸದ್ದು ಮಾಡಿತು. ಮೇಲಧಿಕಾರಿಯ ಮುಂದೆ ನಿಲ್ಲುವಂತೆ ಕೈಗಳನ್ನು ಬದಿಗೆ ಇಳಿಬಿಟ್ಟು ನಿಂತಿದ್ದ.

“ಅಕಿ ಅಳತಿ ಸರಿ ಐತ್ರಿ ಸಾಹೇಬ್ರ. ಸುಳ್ಳು ಹೇಳಿದ್ದು ನಾನು. ರೈಲ್ವೆ ನೌಕರಿ ಮೆಡಿಕಲ್ ಸಲುವಾಗಿ ಲೇಸರ್ ಮಾಡ್ಸೇನಿ. ತೊಂಬತ್ತೊಂಬತ್ತರಾಗ, ಪುಣೇದಾಗ, ಎರಡೂ ಕಣ್ಣಿಗೆ. ಮೈನಸ್ ಏಳು ಇತ್ತು. ಬರ್ಕೊಳ್ರಿ.”

ಹೇಳಿ, ಕಾದ. ತಿರುಗಿ ಹೇಳುವುದನ್ನು ಕಾಯುತ್ತಿದ್ದಾನೆ ಎಂದು ಅವಳಿಗೊಬ್ಬಳಿಗೆ ತಿಳಿಯಿತು. ಸುಶೀಂದ್ರ ಮೊದಲು ನಕ್ಕರು. ಮಗಳನ್ನ ಉಳಸಲಿಕ್ಕೆ ಹೇಳ್ತೀರಿ ಕಾಕಾ, ಕಾಗದ ಪತ್ರ ಏನರ ಅವ ಏನು, ಎಂದರು. ಪುಣೆಯ ಆ ದವಾಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಇದ್ದ ಒಂದು ಚೀಟಿಯನ್ನು ಶಾರವ್ವ ಒಲೆಗೆ ಹಾಕಿದ್ದಳು. ಸಂಘಮಿತ್ರಾ ಕೇಸ್ ಪೇಪರನ್ನು ಅವರ ಮುಂದೆ ತಿರುಗಿಸಿ ಒಂದು ಅಂಕಿಯ ಕೆಳಗೆ ಬೆರಳಿಟ್ಟಳು. ಮೂವತ್ತೇಳೂವರೆ. ಅವರು ನೋಡಿದರು. ನಗೆ ಮುಖದ ಮೇಲೆ ಹಾಗೆಯೇ ಇತ್ತು, ಅದರ ಒಳಗಿನದು ಮಾತ್ರ ಮೆಲ್ಲಗೆ ಇಳಿದುಹೋಯಿತು. ಕಲಿಯುವ ಹುಡುಗ ಕೂಡ ಈ ಅಂಕಿ ಕಂಡು ಪೆನ್ನು ನಿಲ್ಲಿಸಬೇಕು. ಅದರ ಕೆಳಗೆ ನಾಲ್ಕು ಬೆರಳಿನ ಅಂತರದಲ್ಲಿ ಅವರದೇ ಸಹಿ, ಬಾಲ ಎಳೆದು ಬರೆದ ಸಹಿ. ಎಸಿ ಸದ್ದು ಮಾಡುತ್ತಿತ್ತು. ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು. ಹೊರಗೆ ಚಮನಬಿ ಯಾರಿಗೋ ಚಪ್ಪಲಿ ಹೊರಗ ಬಿಡ್ರಿ ಎನ್ನುತ್ತಿದ್ದಳು. ತಿರುಗಿ ಬಂದು ಕೂತಾಗ ಅವರ ಮುಖದಲ್ಲಿ ಸೋತವನ ಗುರುತಿರಲಿಲ್ಲ. ಹಿರಿಯನೊಬ್ಬ ಮನೆಯ ಮಾನದ ಮಾತಾಡುವಾಗಿನ ಕಳಕಳಿಯಿತ್ತು.

“ಕೂಡ್ರಿ. ಇದು ಕಾಗದಕ್ಕ ಬಂತಂದ್ರ ನಿಮ್ಮ ಇಷ್ಟು ವರ್ಷದ ಸರ್ವೀಸಿನ ಮ್ಯಾಲೆ ಯಾರರ ಬೆಟ್ಟು ಮಾಡಬಹುದು. ಪೆನ್ಷನ್ ಅದ, ಮಾನ ಅದ. ನಿಮ್ಮ ಒಳ್ಳೇದಕ್ಕ ಹೇಳ್ತೇನಿ. ನೀವು ಹೇಳಿಲ್ಲ, ನಾ ಕೇಳಿಲ್ಲ.”

ಪೆನ್ಷನ್ ಎಂಬ ಮಾತು ಬಂದಾಗ ಕಾಕಾನ ಬದಿಗಿದ್ದ ಕೈ ಎದ್ದು ಶಾಲಿನೊಳಗೆ ಸೇರಿಕೊಂಡಿತು. ಅವನು ಕೂತ. ಎದ್ದು ನಿಂತಿದ್ದು ಎಷ್ಟು ಹೊತ್ತು, ಒಂದು ಗಾಡಿ ಪ್ಲಾಟ್‌ಫಾರ್ಮ್ ದಾಟುವಷ್ಟೂ ಇಲ್ಲ. ತನ್ನವರು ಕಟ್ಟಿಕೊಂಡಿದ್ದ ಗೋಡೆಯ ನೆರಳಿನಲ್ಲಿ ಈಗ ಈ ಮನುಷ್ಯ ಬಂದು ನಿಂತುಕೊಂಡ ಎಂದು ಅವಳಿಗೆ ಅನಿಸಿತು. ನೂರಾ ಐವತ್ತು ಬಾಯಿ ಇಪ್ಪತ್ತಾರು ವರ್ಷ ಬಿಗಿಹಿಡಿದ ಮೌನದಲ್ಲಿ ಕಟ್ಟಿದ ಗೋಡೆ. ಬಿಸಿಲು ಕೇರಿಗೆ, ನೆರಳು ಡಾಕ್ಟರಿಗೆ. ಒದರಬೇಕೆನಿಸಿತು. ಒದರಿದರೆ ಏನೆಂದು ಒದರಬೇಕು, ಯಾವ ಶಬ್ದ ಎತ್ತಿದರೂ ಅದರ ತುದಿಯಲ್ಲಿ ಕಾಕಾ ಕೂತಿದ್ದ. ಇನ್ನೂ ಆಪರೇಷನ್ ಆಗಬೇಕಿದ್ದ ಎಡಗಣ್ಣಿಗೆ ಯಂತ್ರ ಹದಿನೆಂಟು ಹೇಳಿತ್ತು. ಸುಶೀಂದ್ರ ಮೂರು ಕೂಡಿಸಿ ಇಪ್ಪತ್ತೊಂದು ಎಂದು ಬರೆದರು, ಇದು ಬರೋಬ್ಬರಿ ಕೂಡ್ತದ ನೋಡ್ರಿ, ನಾ ಜವಾಬ್ದಾರಿ, ಎಂದರು. ನಿಜಕ್ಕೂ ಕೂಡುತ್ತದೆ. ಅವರ ಕೈ ಅಂಥದು. ಬಲಗಣ್ಣಿನ ಹಾಳೆಯ ಮೇಲೆ ‘ಅಳತೆಯಲ್ಲಿ ಲೋಪ’ ಎಂದು ಬರೆದು, ಇದೊಂದು ಫೈಲಿನ ಸಲುವಾಗಿ, ಎಂದು ಅವಳ ಕಡೆ ಸರಿಸಿದರು. ಮುಂದೇನೂ ಆಗಂಗಿಲ್ಲ, ಪೂರ್ತಿ ಹೆಸರು ಬರೀರಿ. ಐದು ವರ್ಷದಲ್ಲಿ ಅವರಿಗೆ ಅವಳ ಪೂರ್ತಿ ಹೆಸರು ಬೇಕಾದದ್ದು ಇದೇ ಮೊದಲು. ಪೆನ್ನು ಎತ್ತಿಕೊಂಡಳು. ಕಾಕಾ ತನ್ನನ್ನು ನೋಡುತ್ತಿದ್ದಾನೆ ಎಂದು ಗೊತ್ತಿತ್ತು, ಆದರೆ ಆ ಕಣ್ಣಿಗೆ ತಾನು ಎಷ್ಟು ಕಾಣಿಸುತ್ತೇನೆ ಎಂಬುದೂ ಗೊತ್ತಿತ್ತು. ಬರೆದಳು. ಪೆನ್ನು ಅವತ್ತಿನ ಹಾಗೆಯೇ ಚೆನ್ನಾಗಿ ನಡೆಯಿತು.

ಮಧ್ಯಾಹ್ನದ ರಜೆ ಹಾಕಿ ಅವನನ್ನು ಕರೆದುಕೊಂಡು ಹೊರಟಳು. ಟೆಂಪೋ ಹಿಡಿದರು. ಗೋವಿನಜೋಳದ ಹೊಲಗಳು ಕಿಟಕಿಯಲ್ಲಿ ಹಿಂದೆ ಸರಿದವು. ಅವನಿಗೆ ಅವು ಬರಿಯ ಹಸಿರು ಗೋಡೆಯಾಗಿ ಕಾಣುತ್ತಿರಬೇಕು ಎಂದುಕೊಂಡಳು, ಒಂದು ಕಣ್ಣು ಸಣ್ಣ ಮಾಡಿ ತಾನೂ ಹಾಗೆ ನೋಡಲು ಹವಣಿಸಿದಳು, ಆಗಲಿಲ್ಲ. ಕಣ್ಣು ಸರಿಯಿದ್ದವರಿಗೆ ಅದು ಆಗುವುದೇ ಇಲ್ಲ. ಯಲವಿಗಿಯಲ್ಲಿ ಇಳಿದ ಮೇಲೆ ಅವನು ಮನೆಯ ದಾರಿ ಬಿಟ್ಟು ಸ್ಟೇಶನ್ನಿಗೆ ನಡೆದ. ಪ್ಲಾಟ್‌ಫಾರ್ಮಿನ ಕೊನೆಯ ಬೆಂಚು. ಹೊಸ ಪಾಯಿಂಟ್ಸ್‌ಮನ್ ಹುಡುಗ ದೂರದಿಂದ ನಮಸ್ಕಾರ ಮಾಡಿದ. ಕಾಕಾ ಯಾರಿಗೆ ಎಂದು ತಿಳಿಯದೆ ಗಾಳಿಗೆ ಕೈ ಮುಗಿದ.

ಬಿಸಿಲು ಇಳಿಯುತ್ತಿತ್ತು. ಬಳಗದವರು ಇನ್ನೂ ಕೂಡ್ತಾರೇನು ಎಂದು ಕೇಳಿದ. ಕೂಡ್ತಾರ, ಈಗ ನಮ್ಮ ಕೇರಿ ಹುಡುಗಿ ವಿದ್ಯಾ ಓದತಾಳ, ಎಂದಳು. ಕನ್ನಡಕ ಬಂದ ಮ್ಯಾಲೆ ಹೋಗಬಹುದು, ಎಂದ, ಆಮೇಲೆ ತನ್ನ ಮಾತಿಗೆ ತಾನೇ ಸಣ್ಣಗೆ ನಕ್ಕ. ಮತ್ತ ಸೋಡಾಬುಡ್ಡಿ. ಆ ಹೆಸರನ್ನು ಅವನ ಬಾಯಲ್ಲಿ ಅವಳು ಕೇಳಿದ್ದು ಮೊದಲ ಸಲ. ಕ್ಷಮಿಸು ಎನ್ನಬೇಕೆಂದು ಬಾಯಿ ತೆಗೆದಳು, ಅಷ್ಟರಲ್ಲಿ ಹಳಿ ಗುಂಯ್‌ಗುಟ್ಟಿತು.

ಗೂಡ್ಸ್ ಗಾಡಿ, ನಿಲ್ಲದೆ ಹೋಗುವುದು. ಕಾಕಾ ಎದ್ದ. ಪ್ಲಾಟ್‌ಫಾರ್ಮಿನ ಅಂಚಿನಿಂದ ಸರಿಯಾಗಿ ಎಷ್ಟು ದೂರ ನಿಲ್ಲಬೇಕೋ ಅಷ್ಟು ದೂರ ನಿಂತು, ಬಾವುಟವಿಲ್ಲದ ಬಲಗೈಯನ್ನು ಹೆಗಲ ನೇರಕ್ಕೆ ಚಾಚಿ ಹಿಡಿದ. ಎಂಜಿನ್ನು ಗಾಳಿ ಎಬ್ಬಿಸಿಕೊಂಡು ಹೋಯಿತು, ಶಾಲು ಹಾರಿ ಅವನ ಮುಖಕ್ಕೆ ಬಡಿಯಿತು, ಕೈ ಇಳಿಯಲಿಲ್ಲ. ಡಬ್ಬಿಗಳು ಒಂದರ ಹಿಂದೊಂದು, ಕಪ್ಪು, ಕೆಂಗಂದು, ಕಪ್ಪು. ಕೊನೆಗೆ ಗಾರ್ಡಿನ ಡಬ್ಬಿ. ಎಲ್ಲ ಸರಿಯಿದೆ ಎಂದು ಇವನು ತೋರಿಸಿದರೆ ಸರಿಯಿದೆ ಎಂದು ಅವನು ತಿರುಗಿ ತೋರಿಸಬೇಕು. ಇಪ್ಪತ್ತಾರು ವರ್ಷ ತಪ್ಪದೆ ತೋರಿಸಿದ್ದರು. ಡಬ್ಬಿಯ ಬಾಗಿಲಲ್ಲಿ ಗಾರ್ಡು ಕೂತಿದ್ದ. ಆಚೆ ಬದಿಗೆ ಮುಖ ಮಾಡಿ, ತಲೆ ಬಗ್ಗಿಸಿ ಊಟದ ಡಬ್ಬಿಯಿಂದ ಏನೋ ತಿನ್ನುತ್ತಿದ್ದ. ಬಾವುಟ ಅವನ ತೊಡೆಯ ಕೆಳಗೆ ಸಿಕ್ಕಿಕೊಂಡಿತ್ತು. ಹೊಸ ಹುಡುಗ ಆ ತುದಿಯಲ್ಲಿ ಆಗಲೇ ಬಾವುಟ ತೋರಿಸಿ ಮುಗಿಸಿದ್ದ. ರಿಟೈರಾದವನ ಖಾಲಿ ಕೈ ಯಾರ ಲೆಕ್ಕಕ್ಕೂ ಇರಲಿಲ್ಲ. ಗಾಡಿ ದಾಟಿತು. ಕೆಂಪು ದೀಪ ಚುಕ್ಕೆಯಾಯಿತು, ಅವಳಿಗೆ ಚುಕ್ಕೆ, ಅವನಿಗೆ ಏನಾಗಿ ಕಂಡಿತೋ.

“ತೋರಿಸಿದ್ನೇನು?” ಎಂದ ಕಾಕಾ. ಕೈ ಇನ್ನೂ ಚಾಚಿಯೇ ಇತ್ತು.

ಅವಳು ಆ ಕೈಯನ್ನು ನೋಡಿದಳು. ಮುಂಗೈಯ ನರಗಳು ಎದ್ದು ನಿಂತಿದ್ದವು.

“ತೋರಿಸಿದ ಕಾಕಾ.”

“ತೋರಿಸಿದ,” ಎಂದು ಅವನು ಅಕ್ಷರ ಬಿಡದೆ ತಿರುಗಿ ಹೇಳಿ, ಕೈ ಇಳಿಸಿದ.